ಮಲಗಿಸಿಟ್ಟ ಕಸುಬು

ಕುಶಲಕರ್ಮಿಗಳ ಮಂಡಳಿಯ ಕಚೇರಿಯಲ್ಲಿ ಶ್ರೀಮತಿ ಹಾಸ್ಲ್‌ಬೆಕ್ ಕಾಗದವನ್ನು ತಿರುಗಿಸಿ ಅಪೊಲೆನಾಳ ಮುಂದಿಟ್ಟು, ಐದನೇ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದರು.

"ಇದೇನು, ಈ ಮೂರು ತಿಂಗಳು?"

ಅಪೊಲೆನಾ ನೋಡಿದಳು.

ಪಕ್ಕದ ಕುರ್ಚಿಯಲ್ಲಿ ಅವಳ ಅಪ್ಪ ಯಾರೊಮಿರ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಗುತ್ತಾ ಕೂತಿದ್ದ. ಅವನಿಗೆ ಜರ್ಮನ್‌ನಲ್ಲಿ ಹತ್ತು ಮಾತು ಬಂದರೆ ಹೆಚ್ಚು, ಅದರಲ್ಲಿ ಎಂಟು ಛಾವಣಿಗೆ ಸೇರಿದವು. ಹಿಂದೆ ಗೋಡೆಗೆ ಒರಗಿ ನಿಂತಿದ್ದವನು ಮುದುಕ ಕ್ಸಾವರ್. ಬವೇರಿಯಾದ ಈ ಕಡೆ ನಲವತ್ತು ವರ್ಷ ಛಾವಣಿ ಹೊದಿಸಿ ಮಂಡಿ ಸವೆಸಿಕೊಂಡವನು. ತನ್ನ ಛಾವಣಿ ಕೆಲಸದ ಕಾರ್ಖಾನೆಯನ್ನು ಯಾರೊಮಿರನಿಗೇ ಬಿಟ್ಟುಕೊಡುವುದೆಂದು ಅವನು ಬೇಸಿಗೆಯಲ್ಲಿ ಕೈಕುಲುಕಿದ್ದ.

ಗಡಿಯ ಆಚೆಯ ತನ್ನ ಊರು ವಿಂಪೆರ್ಕ್‌ನಿಂದ ಯಾರೊಮಿರ್ ವರ್ಷಗಟ್ಟಲೆ ಈ ಕಡೆಗೆ ಬಂದು ಕೆಲಸ ಮಾಡಿ ಹೋಗುತ್ತಿದ್ದ. ಒಂದು ಛಾವಣಿ, ಮತ್ತೆ ಮನೆ, ಇನ್ನೊಂದು ಛಾವಣಿ, ಮತ್ತೆ ಮನೆ. ಹಾಗೆ ಬಂದು ಹೋಗುವವನಿಗೆ ಕಚೇರಿಗೆ ಒಂದು ತಿಳಿವಳಿಕೆ ಪತ್ರ ಕೊಟ್ಟರೆ ಸಾಕು. ಇಲ್ಲೇ ಬೋರ್ಡು ಹಾಕಿಕೊಂಡು ಕೂರುವವನಿಗೆ ಬೇರೆ ಕಾನೂನು. ತನ್ನ ದೇಶದಲ್ಲಿ ಸ್ವಂತ ಕಸುಬನ್ನು ಆರು ವರ್ಷ ಎಡೆಬಿಡದೆ ನಡೆಸಿದ್ದೇನೆಂದು ಅವನು ತೋರಿಸಬೇಕು. ಅದಕ್ಕೆಂದೇ ಊರಿನ ಕಚೇರಿಯಿಂದ ಜರ್ಮನ್‌ನಲ್ಲಿ ಬರೆದ ಈ ಕಾಗದ ತಂದಿದ್ದರು.

ಆರು ವರ್ಷವೇನು, ಅಪ್ಪನದು ಎಂಟು ವರ್ಷ ಎಂದು ಅಪೊಲೆನಾ ನಂಬಿದ್ದಳು. ಅವಳ ಅಮ್ಮ ಇರುವಾಗ ಊರಿನ ಎಲ್ಲ ಛಾವಣಿಯವರ ಹಾಗೆ ಇವರ ಮನೆಯಲ್ಲೂ ಹಿಮ ಬೀಳುವ ಮುಂಚೆ ಕಸುಬನ್ನು 'ಮಲಗಿಸುತ್ತಿದ್ದರು'. ಕಚೇರಿಗೆ ಒಂದು ಅರ್ಜಿ ಕೊಟ್ಟರೆ ವಸಂತದವರೆಗೆ ವಿಮೆಯ ಕಂತು ಕಟ್ಟಬೇಕಾಗಿಲ್ಲ. ಎಂಟು ವರ್ಷದ ಹಿಂದೆ ಅಮ್ಮ ತೀರಿಕೊಂಡ ಮೇಲೆ ಅಪ್ಪ ಅದನ್ನು ನಿಲ್ಲಿಸಿದ. ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆಂದು ಚಳಿಗಾಲದಲ್ಲೂ ಅಟ್ಟದ ಒಳಗಿನ ಮರಗೆಲಸ ಹುಡುಕಿಕೊಂಡ. ಅದೇ ವರ್ಷ ಅಪೊಲೆನಾ ಶಾಲೆ ಬಿಟ್ಟು ಅವನ ಕಾಗದಪತ್ರ ನೋಡಿಕೊಳ್ಳತೊಡಗಿದಳು. ಮಾತಿಗೆ ನಾಚುವ ಹುಡುಗಿ. ಕೆಲಸದ ಜಾಗಗಳಲ್ಲಿ ಸುಮ್ಮನೆ ಕೂತು ಕೇಳುತ್ತಾ ಕೇಳುತ್ತಾ ಜರ್ಮನ್ ಕಲಿತಿದ್ದಳು.

ಈಗ ಪೆನ್ಸಿಲ್ ಗೆರೆಯ ಮೇಲಿನ ಮೂರು ತಿಂಗಳು ಅವಳನ್ನೇ ನೋಡುತ್ತಿದ್ದವು.

"ಅಪ್ಪನ ಕಾಲು ಮುರಿದಿತ್ತು," ಎಂದಳು. ದನಿ ಅವಳಿಗೇ ಕೇಳಿಸಲಿಲ್ಲ. "ಪ್ಲಾಸ್ಟರ್ ಹಾಕಿದ್ರು."

"ಕಾಯಿಲೆ ಆದ್ರೆ ಪರವಾಗಿಲ್ಲಮ್ಮ. ಕಸುಬು ತೆರೆದಿದ್ದು, ಮನುಷ್ಯ ಹಾಸಿಗೇಲಿ ಮಲಗಿದ್ರೂ ನಾವು ಎಣಿಸ್ತೀವಿ. ಇಲ್ಲಿ ಹಾಗಿಲ್ಲ. ಕಸುಬನ್ನೇ ತಡೆಹಿಡಿದಿದ್ದಾರೆ, ತಾವಾಗೇ ಕೇಳಿಕೊಂಡು. ಅಲ್ಲಿಗೆ ಎಣಿಕೆ ಕಡಿದುಹೋಯ್ತು. ಮತ್ತೆ ತೆರೆದ ಮೇಲೆ ಮೂರು ವರ್ಷ ಎರಡು ತಿಂಗಳು ಆಗಿದೆ, ಅಷ್ಟೇ."

ಶ್ರೀಮತಿ ಹಾಸ್ಲ್‌ಬೆಕ್ ಕೆಟ್ಟ ಹೆಂಗಸಲ್ಲ. ಬೇರೆ ದಾರಿಗಳನ್ನೂ ಕೇಳಿದರು. ಕಸುಬಿನ ಶಾಲೆಯ ಪತ್ರ ಇದೆಯೇ? ಇಲ್ಲ, ಸೋದರಮಾವನ ಕೈಕೆಳಗೆ ಕಲಿತದ್ದು. ಆ ಮಾವನ ಹತ್ತಿರ ಕೂಲಿಗಿದ್ದ ವರ್ಷಗಳ ದಾಖಲೆ? ಅದೂ ಇಲ್ಲ. ಪರೀಕ್ಷೆ ಬರೆಯುತ್ತಾರೆಯೇ, ಜರ್ಮನ್‌ನಲ್ಲಿ?

ಕ್ಸಾವರ್ ಗೋಡೆಯಿಂದ ಬೆನ್ನು ತೆಗೆದ. "ಅಯ್ಯೋ ಮಹರಾಯ್ತಿ, ಅವನು ಊಟದ ಪಟ್ಟೀನೇ ಓದಲ್ಲ, ಪಕ್ಕದ ಮೇಜಿನ ತಟ್ಟೆ ತೋರಿಸ್ತಾನೆ!"

ಯಾರೂ ನಗಲಿಲ್ಲ. ಅಪ್ಪನ ನಗು ಮಾತ್ರ ಮುಖದ ಮೇಲೆ ಹಾಗೇ ಉಳಿದಿತ್ತು. ಕಣ್ಣು ಕ್ಸಾವರನ ಕಡೆ ಹೋಗಿ ಮಗಳ ಕಡೆ ಬಂತು.

"ಏನಂತೆ ಪೋಲಾ? ಇನ್ನೊಂದು ಸಹಿ ಬೇಕಂತಾ?"

"ಆಗಲ್ವಂತೆ ಅಪ್ಪ."

"ಏನಾಗಲ್ಲ?"

"ಕಾರ್ಖಾನೆ. ನಡುವೆ ಮೂರು ತಿಂಗಳು ಕಸುಬು ಮಲಗಿತ್ತಂತೆ. ನಿನ್ನ ಕಾಲು ಮುರಿದಾಗ."

"ಥೂ! ತಪ್ಪು ಬರ್ಕೊಂಡಿದ್ದಾರೆ. ನಾನು ಮಲಗಿದ್ದೆ, ಕಸುಬಲ್ಲ. ಹೇಳು ಆ ಅಮ್ಮನಿಗೆ. ನಿನ್ನಮ್ಮ ಹೋದ ಮೇಲೆ ಆ ಅರ್ಜಿ ಮುಟ್ಟೇ ಇಲ್ಲ ನಾನು."

"ನಾನು ಹಾಕಿದ್ದು."

ಅವನಿಗೆ ಅರ್ಥವಾಗಲಿಲ್ಲ. ಅವಳು ಇನ್ನೊಮ್ಮೆ ಹೇಳಬೇಕಾಯಿತು.

"ನಾನೇ ಹಾಕಿದ್ದು ಅಪ್ಪ, ನಿನ್ನ ಹೆಸರಲ್ಲಿ. ನಿಂಗೆ ಜ್ವರ ಇತ್ತು. ಕೆಲಸ ಇಲ್ಲದಾಗ ಎಲ್ಲರೂ ಹಾಕ್ತಾರಲ್ಲ, ಅಮ್ಮನೂ ಹಾಕ್ತಿದ್ಳಲ್ಲ ಅಂತ…"

ಯಾರೊಮಿರನ ನಗು ಆಗ ಹೋಯಿತು. ಏಣಿಯ ಮೆಟ್ಟಿಲು ಕಾಲಡಿಯಲ್ಲಿ ಮುರಿದಾಗ ಕೂಡ ಅವನ ಮುಖ ಹೀಗೆ ಬಿಳಚಿಕೊಂಡಿರಲಿಲ್ಲ.

"ಏನಂದ್ಳು ಅವ್ಳು?" ಎಂದ ಕ್ಸಾವರ್, ಜರ್ಮನ್‌ನಲ್ಲಿ. "ಏ ಹುಡುಗಿ, ಏನಂದೆ ಅಪ್ಪಂಗೆ?"

ಅದೇ ಮಾತನ್ನು ಅವಳು ಎರಡನೆಯ ಭಾಷೆಯಲ್ಲೂ ಹೇಳಿದಳು. ಎರಡನೆಯ ಸಲ ಸುಲಭವಾಗುತ್ತದೆಂದು ಅಂದುಕೊಂಡಿದ್ದಳು. ಆಗಲಿಲ್ಲ.

ಮುದುಕ ಟೋಪಿಯ ಅಂಚು ಹಿಚುಕಿದ. "ಇನ್ನೂ ಮೂರು ವರ್ಷ ಈ ಮಂಡಿ ಕಾಯಲ್ಲ ಕಣಮ್ಮ. ಕ್ರಿಸ್‌ಮಸ್‌ಗೆ ಮುಚ್ಚಬೇಕು. ಆ ಜಾಗ ಗೋದಾಮಿಗೆ ಬೇಕು ಅಂತ ಒಬ್ಬ ಕೇಳ್ತಾನೇ ಇದ್ದಾನೆ." ಯಾರೊಮಿರನ ಹೆಗಲ ಮೇಲೆ ಕೈಯಿಟ್ಟು ತೆಗೆದ. ಹೊರಗೆ ಹೋದ. ಓಣಿಯಲ್ಲಿ ಅವನ ಕುಂಟು ಹೆಜ್ಜೆ ದೂರವಾಯಿತು.

"ಅವರು ಮೊದಲಿನ ಹಾಗೆ ಬಂದು ಹೋಗಿ ಕೆಲಸ ಮಾಡಬಹುದು," ಎಂದರು ಶ್ರೀಮತಿ ಹಾಸ್ಲ್‌ಬೆಕ್ ಮೆಲ್ಲಗೆ. "ಅದಕ್ಕೇನೂ ಅಡ್ಡಿಯಿಲ್ಲ. ಹೇಳಮ್ಮ ಅವರಿಗೆ."

ಅವಳು ಹೇಳಿದಳು.

"ಅಂದ್ರೆ ಇಷ್ಟು ದಿನ ಮಾಡಿದ್ದನ್ನೇ ಮಾಡು ಅಂತ."

"ಹೂಂ."

ಅವಳು ಕಾಗದ ಮಡಚಲು ಕೈ ಚಾಚಿದಳು. ಅಪ್ಪನ ದೊಡ್ಡ ಅಂಗೈ ಅದಕ್ಕಿಂತ ಮುಂಚೆ ಕಾಗದದ ಮೇಲೆ ಬಿತ್ತು. ಅವನು ಬಯ್ಯಲಿಲ್ಲ. ಬಯ್ದಿದ್ದರೆ ಅವಳಿಗೆ ಉಸಿರು ಬರುತ್ತಿತ್ತು.

"ಹೊರಗೆ ಬಾ," ಎಂದ.

ಮೆಟ್ಟಿಲ ಹತ್ತಿರದ ಕಿಟಕಿಯ ಬೆಳಕಿನಲ್ಲಿ ನಿಂತು ಅವಳಿಗೆ ಕಾಗದ ಕೊಟ್ಟ. "ಓದು. ಒಂದಕ್ಷರ ಬಿಡಬೇಡ. ನನ್ನ ಬಗ್ಗೆ ಇದರಲ್ಲಿ ಏನೇನಿದೆಯೋ ನಾನೂ ಕೇಳ್ಬೇಕು."

ಅವಳು ಅವನ ಹೆಸರಿನಿಂದ ಶುರುಮಾಡಿದಳು. ಹುಟ್ಟಿದ ದಿನ, ಊರು, ಕಸುಬು. ಐದನೇ ಸಾಲಿಗೆ ಬಂದಾಗ ಅವಳ ಬೆರಳು ಪೆನ್ಸಿಲ್ ಗೆರೆಯ ಮೇಲೆ ನಿಂತಿತು. ಅಪ್ಪ ಕಿಟಕಿಯಿಂದ ಕಣ್ಣು ತೆಗೆಯದೆ ಕಾದ.