ಬಾಯಿಗೆ ನೀರು ಬಿಡುವ ಮೊದಲು

ಪ್ರಣೀತಾ ಬೂಟಿನ ಲೇಸು ಕಟ್ಟಿ ಏಳುವಷ್ಟರಲ್ಲಿ ಶೀನ ಬಾಗಿಲಿಗೆ ಅಡ್ಡ ನಿಂತಿದ್ದ.

“ಎಲ್ಲಿಗ್ ಹೊರ್ಟದ್ದ್? ಚಾವಡ್ಯಗೆ ಹೆಣ ಇತ್ತ್, ನಿಂಗೆ ಓಟವಾ?”

ಚಾವಡಿಯಲ್ಲಿ ಅವಳ ಅತ್ತೆ ವನಜ ಮಲಗಿದ್ದಳು. ಮೂವತ್ತೊಂದು ವರ್ಷ. ಹೋದ ವಾರದವರೆಗೂ ಬಿಜೂರಿನಿಂದ ಯಡ್ತರೆಗೆ ಓಡಿ ಬರುತ್ತಿದ್ದವಳನ್ನು ಇಲಿಜ್ವರ ನಾಲ್ಕೇ ದಿನದಲ್ಲಿ ಕೊಂಡೊಯ್ದಿತ್ತು. ಹತ್ತು ಗಂಟೆಗೆ ಕುಂದಾಪುರದಲ್ಲಿ ಜಿಲ್ಲಾ ಮಟ್ಟದ ಮೂರು ಸಾವಿರ ಮೀಟರ್ ಓಟ. ಮೊದಲ ಇಬ್ಬರಿಗೆ ರಾಜ್ಯಮಟ್ಟ. ಅದಕ್ಕೆಂದೇ ವನಜ ಮೂರು ವರ್ಷ ಅಣ್ಣನ ಮಗಳ ಬೆನ್ನು ಬಿದ್ದು ಓಡಿಸಿದ್ದಳು. ಅಂಗಳದಲ್ಲಿ ಡ್ರಿಲ್ ಮಾಸ್ಟರ್ ರಾಜೇಂದ್ರ ಬೈಕು ಹಿಡಿದು ಕಾಯುತ್ತಿದ್ದರು.

“ಸೂತಕದ ಮನಿಯರ್ ಹೊಸ್ಲ್ ದಾಟುಕಾಗ,” ಎಂದ ಶೀನ. ವನಜಳ ಸೋದರಮಾವ, ಮನೆಯ ಯಜಮಾನ. ಅವನೆದುರು ಹುಡುಗಿಯ ಅಪ್ಪ ಚಂದ್ರನಿಗೆ ಬಾಯಿಯೇ ಬರುತ್ತಿರಲಿಲ್ಲ.

•

೧೯೯೭ರಲ್ಲಿ ವನಜಳಿಗೆ ಹದಿನಾರು. ಬಸ್ಸಿಗಿಂತ ಮೊದಲೇ ಶಾಲೆ ಮುಟ್ಟುತ್ತಾಳೆ, ಇವಳಿಂದ ನಮಗೆ ನಷ್ಟ ಎಂದು ಕಂಡಕ್ಟರನೇ ತಮಾಷೆ ಮಾಡುತ್ತಿದ್ದ. ರಾಜ್ಯಮಟ್ಟಕ್ಕೆ ಆಯ್ಕೆಯಾದಳು. ಹೊರಡುವ ಬೆಳಿಗ್ಗೆಯೇ ಅಮ್ಮಮ್ಮ ತೀರಿಕೊಂಡರು. ಶೀನ ಅವಳ ಹೆಗಲಿನ ಚೀಲ ತೆಗೆದು ಗೂಟಕ್ಕೆ ಸಿಕ್ಕಿಸಿದ.

“ಮುಂದಿನ್ ವರ್ಷ ಹೋಯ್ಲಕ್ಕ್.”

ಮುಂದಿನ ವರ್ಷ ಅವಳು ಗೇರುಬೀಜದ ಕಾರ್ಖಾನೆಯಲ್ಲಿದ್ದಳು. ಆಮೇಲೂ ಓಡಿದಳು. ಕೋಟ, ಬ್ರಹ್ಮಾವರ, ಒಮ್ಮೆ ಮುಂಬೈ. ಎಲ್ಲಿ ಓಟವೆಂದರೂ ಕಪ್ಪಾದ ಕೈಬೆರಳುಗಳ ಈ ಹೆಣ್ಣು ಹಾಜರು. ಗೆದ್ದ ಸ್ಟೀಲು ಪಾತ್ರೆಗಳಲ್ಲೇ ಮನೆಯ ಅಡುಗೆ ನಡೆಯುತ್ತಿತ್ತು. ರಾಜ್ಯದ ಮೈದಾನ ಮಾತ್ರ ಸಿಗಲೇ ಇಲ್ಲ. ಅಂದು ತಾನು ಬಾಯಿ ಬಿಡಲಿಲ್ಲವಲ್ಲ ಎಂಬ ಸಂಕಟ ತಾಯಿ ಅಮ್ಮಣ್ಣಿಯನ್ನು ಹದಿನೈದು ವರ್ಷ ಸುಟ್ಟಿತ್ತು.

•

ಮಗಳ ತಲೆಯ ಬಳಿ ಕೂತಿದ್ದ ಅಮ್ಮಣ್ಣಿ ಎದ್ದು ಬಂದಳು.

“ಶೀನ, ಈ ಹೆಣ್ಣ್ ಯಾರ್ ಬಳಿ?”

“ಅದ್ರ ಅಬ್ಬಿ ಬಳಿ. ಎಂತಕ್ಕೆ?”

“ಹಾಂಗಾರೆ ನಮ್ಮ್ ಸೂತಕ ಅದ್ಕೆ ಎಲ್ಲಿಂದ ಬಂತ್? ಕಟ್ಳೆ ಹೇಳುವನ್ ನೀನೇ ಅಲ್ದಾ?”

ಅವರಲ್ಲಿ ಮಕ್ಕಳು ತಾಯಿಯ ಬಳಿಗೆ, ಅಂದರೆ ಅವಳ ಕುಲಕ್ಕೆ, ಸೇರಿದವರು, ಸೂತಕವೂ ಆ ಬಳಿಗೇ. ಶೀನನಿಗೆ ತನ್ನ ದೊಣ್ಣೆಯಿಂದಲೇ ಪೆಟ್ಟು ಬಿದ್ದಂತಾಯಿತು.

“ಬಾಯಿಗೆ ನೀರ್ ಬಿಡುಕೆ ಅದ್ ಬೇಕಲೆ?” ಎಂದು ಗೊಣಗಿದ.

“ಅದ್ ಬಪ್ಪಲ್ಲಿವರಿಗೆ ಯಾರೂ ಹೆಣ ಎತ್ತುಕಾಗ. ಹೋಗ್ ಮಗಾ!”

ಬೈಕು ಹೊರಟೇಬಿಟ್ಟಿತು.

ಹತ್ತಕ್ಕೆ ಪಕ್ಕದ ಮನೆಯ ಸರಸಕ್ಕನ ಮೊಬೈಲು ಮೊಳಗಿತು. ಆಚೆ ಕಡೆಯಿಂದ ರಾಜೇಂದ್ರ ಮಾಸ್ಟರ್ ಕೂಗುತ್ತಿದ್ದರು. ಏಳೂವರೆ ಸುತ್ತಿನ ಓಟ.

“ಮೂರ್ ಸುತ್ತ್ ಆಯ್ತ್, ನಮ್ಮ್ ಹೆಣ್ಣ್ ಐದನೇ ಸ್ಥಾನದಗಿತ್ತ್!”

ಅಳುತ್ತಿದ್ದವರು ಮೂಗು ಒರೆಸಿಕೊಂಡು ಹತ್ತಿರ ಸರಿದರು. ಚಟ್ಟಕ್ಕೆ ಬಿದಿರು ಕಡಿಯುತ್ತಿದ್ದ ಐತನ ಕತ್ತಿ ನಿಂತಿತು.

“ಆರ್ ಸುತ್ತ್! ಮೂರನೇದ್!”

“ಓಡ್ ಮಗಾ, ಓಡ್!” ಐತ ಕತ್ತಿ ಎತ್ತಿ ಅರಚಿದ. ಹೆಣದೆದುರು ಹೀಗೆ ಅರಚಿದ್ದಕ್ಕೆ ಯಾರೂ ಬೈಯಲಿಲ್ಲ.

“ಕಡೀ ಸುತ್ತ್! ಕಾಣಿ, ಮುಂದಿನ್ ಹೆಣ್ಣನ್ನ ಹಿಡೂಕ್ ಹೊರ್ಟ್—”

ಮೊಬೈಲು ಸತ್ತಿತು.

“ಚಾರ್ಜ್ ಮಾಡುಕ್ ಆಗ್ಲಿಲ್ಲ್ಯೇ,” ಎಂದು ಸರಸಕ್ಕ ತಲೆ ಚಚ್ಚಿಕೊಂಡಳು.

ಹನ್ನೆರಡಾಯಿತು. ರಸ್ತೆ ಮುಗಿದು ಗದ್ದೆಯಂಚು ಶುರುವಾಗುವಲ್ಲಿ ಬೈಕು ನಿಂತಿತು. ಇಳಿದ ಪ್ರಣೀತಾ ನಡೆಯಲಿಲ್ಲ. ಎದೆಯ ಮೇಲಿನ ನಂಬರು ಹಾರುತ್ತಿದ್ದಂತೆ ಓಡುತ್ತಲೇ ಬಂದಳು. ಬೂಟು ಕಳಚಿ, ಕಾಲು ತೊಳೆದು ಚಾವಡಿ ಹತ್ತಿದಳು. ಅಮ್ಮಣ್ಣಿ ಕೊಟ್ಟ ತುಳಸಿ ನೀರನ್ನು ಅತ್ತೆಯ ಬಾಯಿಗೆ ಬಿಟ್ಟಳು. ಅರ್ಧ ನೀರು ಕೆನ್ನೆಗೆ ಹರಿಯಿತು, ಹುಡುಗಿ ಬಿಕ್ಕಿದಳು.

ಕೇಳಬೇಕೆಂಬ ಆಸೆ ಎಲ್ಲರಿಗೂ ಗಂಟಲವರೆಗೆ ಬಂದಿತ್ತು. ಹೆಣದ ಮುಂದೆ ಕೇಳುವುದು ಹೇಗೆ? ಹೆಣವನ್ನು ಚಟ್ಟಕ್ಕೆ ಇಳಿಸಿದರು. ಶೀನ ಮುಂದಿನ ಬಿದಿರಿಗೆ ಹೆಗಲು ಕೊಡಲು ಬಗ್ಗಿದ. ಎತ್ತಿ ಎಂದು ಅವನೇ ಹೇಳಬೇಕಿತ್ತು.

“ಎಷ್ಟನೇದ್ ಮಗಾ?” ಎಂದ.

ಪ್ರಣೀತಾ ಎರಡು ಬೆರಳು ಎತ್ತಿದಳು.

ಶೀನ ನೆಟ್ಟಗೆ ನಿಂತ. ವನಜಳ ಕಡೆ ತಿರುಗಿ, ಎಲ್ಲರೂ ನೋಡುತ್ತಿದ್ದಂತೆ, ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟತೊಡಗಿದ.