ಮಾಳಿಗೆಯ ಮೇಲಿನ ಜೇನು

ಕನ್ನಡಕದ ಅಂಗಡಿಯವನಿಗೆ ಜೇನೆಂದರೆ ಭಯ. ಅವನ ಹೆಂಡತಿಗೆ ಅದೇ ಜೀವ. ಮಾಳಿಗೆಯ ಮೇಲೆ, ನೀರಿನ ತೊಟ್ಟಿಯ ನೆರಳಿನಲ್ಲಿ, ಅವಳ ನಾಲ್ಕು ಜೇನುಪೆಟ್ಟಿಗೆಗಳು ಇಟ್ಟಿಗೆಗಳ ಮೇಲೆ ಕುಳಿತಿದ್ದವು. ಕಚೇರಿಯಲ್ಲಿ ದಿನವಿಡೀ ಬೆರಳಚ್ಚು ಮಾಡಿ ಬಂದವಳು ಕೈಚೀಲವನ್ನು ಬಾಗಿಲಲ್ಲೇ ಇಳಿಸಿ, ಬಿಳಿಯ ನಿಲುವಂಗಿ ತೊಟ್ಟು, ಮುಖಕ್ಕೆ ಪರದೆ ಇಳಿಬಿಟ್ಟು ಮೆಟ್ಟಿಲೇರುವಳು. ಊಟದ ಹೊತ್ತಿಗೆಲ್ಲ ಅದೇ ಮಾತು: ಯಾವ ರಾಣಿ ಮೊಟ್ಟೆಯಿಡುವುದನ್ನು ನಿಲ್ಲಿಸಿದಳು, ಯಾವ ಪೆಟ್ಟಿಗೆಯವು ನೆರೆಯವುಗಳ ತುಪ್ಪ ಕದ್ದವು.

“ನನ್ನ ಸೊಸೆಗೆ ಒಬ್ಬಳೇ ಮಗಳು ಅನ್ನೋರು ಮೇಲೆ ಹೋಗಿ ಎಣಿಸಲಿ,” ಎಂದು ಅವನ ತಾಯಿ ಚುಚ್ಚುವಳು. “ನಲವತ್ತು ಸಾವಿರ ಇದಾವೆ. ಬಾಣಂತನಕ್ಕೆ ನನ್ನ ಕರೀಬೇಡ ತಾಯಿ!”

“ಅವು ನಿಮ್ಮ ಹಾಗಲ್ಲ ಅತ್ತೆ. ಕೆಣಕದೇ ಇದ್ರೆ ಕುಟುಕಲ್ಲ.”

ಆ ಮನೆಯಲ್ಲಿ ಇಂಥ ಪರಿಹಾಸ ಕೇಳಿಬರುವುದೇ ಒಂದು ಪುಣ್ಯ. ಮೂರು ವರ್ಷಗಳ ಹಿಂದೆ ಎರಡನೆಯ ಕೂಸು ಹುಟ್ಟಿದ ಒಂಬತ್ತನೆಯ ದಿನ ತೀರಿಕೊಂಡಾಗ, ಗೋಡೆಗೆ ಮುಖ ಮಾಡಿ ಮಲಗಿದವಳು ವರುಷ ಕಳೆದರೂ ಏಳಲಿಲ್ಲ. ಆಗ ನಾಲ್ಕು ವರ್ಷದವಳಾಗಿದ್ದ ಮಗಳು ಗುಬ್ಬಿ ಅಂಗಿಯ ಗುಂಡಿಗಳನ್ನು ತಾನೇ ಹಾಕಿಕೊಳ್ಳಲು ಕಲಿತಳು. ವೈದ್ಯರ ಗುಳಿಗೆ, ಬಂಧುಗಳ ಹಿತೋಕ್ತಿ, ಗಂಡನ ಮೊರೆ ಯಾವುದೂ ತಟ್ಟಲಿಲ್ಲ. ಒಂದು ಬೆಳಗ್ಗೆ ಎಲ್ಲಿಂದಲೋ ಬಂದ ಜೇನಿನ ಹಿಂಡು ಅವಳ ಕಿಟಕಿಯ ಚೌಕಟ್ಟಿಗೆ ಜೋತುಬಿದ್ದಿತು. ಹೊಗೆ ಹಾಕಿ ಓಡಿಸಲು ಬಂದ ಗಂಡನನ್ನು ಅವಳು ತಡೆದು, “ಬಿಡಿ, ಪಾಪ. ಅವಕ್ಕೆ ಮನೆ ಇಲ್ಲ” ಎಂದಳು. ವರ್ಷದ ಬಳಿಕ ತಾನಾಗಿ ಆಡಿದ ಮೊದಲ ಮಾತದು. ದೈವ ಕರುಣಿಸಬೇಕೆಂದಾಗ ಯಾವ ದೂತನನ್ನು ಕಳಿಸೀತೆಂದು ಬಲ್ಲವರಾರು!

ಆದ್ದರಿಂದಲೇ ಎರಡು ತಿಂಗಳ ಹಿಂದಿನ ಒಂದು ಮಧ್ಯಾಹ್ನವನ್ನು ಅವನು ಎದೆಯೊಳಗೆ ಹೂತಿಟ್ಟಿದ್ದ. ಒಣಗಿದ ಬಟ್ಟೆ ತರಲು ಮಾಳಿಗೆಗೆ ಹೋಗಿದ್ದ ಗುಬ್ಬಿಯ ಕತ್ತಿಗೆ, ಟವೆಲಿನ ಮಡಿಕೆಯಲ್ಲಿದ್ದ ಒಂದು ಜೇನು ಮುಳ್ಳಿಳಿಸಿತು. ನೋಡನೋಡುತ್ತಲೇ ತುಟಿ ಬಾತು, ಉಸಿರು ಸೀಟಿಯಾಯಿತು. ಹೆಂಡತಿ ಕಚೇರಿಯಲ್ಲಿ, ತಾಯಿ ನಿದ್ದೆಯಲ್ಲಿ. ಅವನೊಬ್ಬನೇ ಹೊತ್ತುಕೊಂಡು ಓಡಿದ. ಮಗು ಉಳಿಯಿತು. “ಇವಳ ಮೈಗೆ ಆ ನಂಜು ಆಗಿಬರಲ್ಲ,” ಎಂದರು ವೈದ್ಯರು. “ಇನ್ನೊಂದು ಸಲ ಕುಟುಕಿದ್ರೆ ಇಲ್ಲಿಗೆ ತಲುಪೋವರೆಗೂ ಜೀವ ನಿಲ್ಲುತ್ತೆ ಅಂತ ಹೇಳೋಕಾಗಲ್ಲ.”

ಮನೆಯಲ್ಲಿ ಅವನು ಹೇಳಿದ್ದು ಹಲ್ಲಿನ ಬಾವು ಎಂದು. ಮಗಳಿಂದಲೂ ಆಣೆ ಮಾಡಿಸಿಕೊಂಡ. ನಿಜ ತಿಳಿದರೆ ಪೆಟ್ಟಿಗೆಗಳು ಹೋಗುವವು. ಅವು ಹೋದರೆ ಅವಳು ಮತ್ತೆ ಗೋಡೆಗೆ ತಿರುಗುವಳು. ನುಂಗಲಾರದ, ಉಗುಳಲಾರದ ಬಿಸಿತುಪ್ಪ. ಅಂದಿನಿಂದ ಗುಬ್ಬಿಗೆ ಮಾಳಿಗೆ ನಿಷಿದ್ಧವಾಯಿತು. ಒಮ್ಮೆ ಪರೀಕ್ಷೆಯ ನೆಪ, ಒಮ್ಮೆ ಬಿಸಿಲಿನ ನೆಪ.

“ನನ್ನ ಮಗಳು ನನ್ನ ಜೊತೆ ಬಂದ್ರೆ ನಿಮಗ್ಯಾಕ್ರೀ ಹೊಟ್ಟೆಯುರಿ?” ಎಂದು ಹೆಂಡತಿ ಕೇಳಿದಳು. ಅವನು ಆ ಅಪವಾದವನ್ನೂ ಹೊತ್ತ. ಹಾಗೆ ಹೊರುವುದರಲ್ಲಿ ಅವನಿಗೆ ಒಂದು ಬಗೆಯ ಹೆಮ್ಮೆಯೂ ಇತ್ತು.

ಹೆಂಡತಿಗೆ ರಜೆಯಿದ್ದ ಒಂದು ದಿನ ಅವನು ಅಂಗಡಿಗೆ ಬೀಗ ಹಾಕಿ ಊಟಕ್ಕೆ ಬಂದಾಗ ಮನೆ ನಿಶ್ಶಬ್ದವಾಗಿತ್ತು.

“ಗುಬ್ಬಿ ಎಲ್ಲಮ್ಮಾ?”

“ಮೇಲೆ. ಅವರಮ್ಮ ಅವಳಿಗೂ ಒಂದು ಪುಟಾಣಿ ನಿಲುವಂಗಿ ಹೊಲಿದಿದಾಳೆ. ಬೂದುಗುಂಬಳಕಾಯಿಗೆ ಕೈಕಾಲು ಬಂದ ಹಾಗಿದೆ, ಹೋಗಿ ನೋಡು!”

ಅವನು ಮೆಟ್ಟಿಲುಗಳನ್ನು ಹಾರಿ ಹಾರಿ ಏರಿದ. ಪೆಟ್ಟಿಗೆ ತೆರೆದಿತ್ತು. ಜೇನು ಕವಿದ ಮೇಣದ ಎರಿಯೊಂದನ್ನು ಹೆಂಡತಿ ಬೆಳಕಿಗೆ ಹಿಡಿದಿದ್ದಳು. ಗುಬ್ಬಿ ಬೆಪ್ಪಾಗಿ ನಿಂತಿದ್ದಳು. ಅಪ್ಪನ ಆಣೆಯನ್ನು ಮುರಿಯಲಾರದೆ, ಅಮ್ಮನ ಸಂತೋಷವನ್ನು ಕೆಡಿಸಲಾರದೆ. ಕೈಗವಸು ದೊಡ್ಡದಾಗಿ ಜಾರಿ ಮಣಿಕಟ್ಟು ಬರಿದಾಗಿತ್ತು. ಅದರ ಮೇಲೊಂದು ಜೇನು ನಡೆಯುತ್ತಿತ್ತು.

“ಅಲುಗಬೇಡ ಪುಟ್ಟಾ! ಅದು ಕುಟುಕಿದ್ರೆ ಇವಳು ಉಳಿಯಲ್ಲ ಕಣೇ!”

ಹೆಂಡತಿ ಎರಿಯನ್ನು ಪೆಟ್ಟಿಗೆಗೆ ಇಳಿಸಿ, ತನ್ನ ಕೈಗವಸು ಕಳಚಿ, ಬರಿಬೆರಳನ್ನು ಆ ಜೇನಿನ ಮುಂದಿಟ್ಟಳು. ಅದು ಒಂದು ಕ್ಷಣ ತಡೆದು, ಬೆರಳನ್ನೇರಿತು. ಬಳಿಕ ಪೆಟ್ಟಿಗೆ ಮುಚ್ಚಿ, ಬಾಗಿಲಾಚೆಯೇ ಇಬ್ಬರ ನಿಲುವಂಗಿಗಳನ್ನೂ ಕಳಚಿ ಎಸೆದು, ಮಗಳ ಕತ್ತು, ಕಿವಿ, ಕೂದಲ ಬುಡವನ್ನೆಲ್ಲ ತಡವಿ ನೋಡಿದಳು.

“ಈಗ ಹೇಳಿ,” ಎಂದಳು.

ಅಡುಗೆಮನೆಯಲ್ಲಿ ನಿಂತು ಅವನು ಎಲ್ಲವನ್ನೂ ಹೇಳಿದ.

“ಡಾಕ್ಟರು ಔಷಧಿ ಏನೂ ಕೊಡ್ಲಿಲ್ವಾ?”

“ಕೊಟ್ಟಿದಾರೆ. ಕುಟುಕಿದ ತಕ್ಷಣ ತೊಡೆಗೆ ಚುಚ್ಚೋದು. ಸದಾ ಮಗು ಹತ್ರಾನೇ ಇರಬೇಕು ಅಂದ್ರು.”

“ಎಲ್ಲಿದೆ?”

“ಅಂಗಡೀಲಿ. ಕನ್ನಡಕದ ಗಾಜಿಡೋ ಡ್ರಾಯರಲ್ಲಿ. ಮನೇಲಿಟ್ರೆ ನೀನು ನೋಡ್ಬಿಡ್ತೀಯ ಅಂತ...”

ಅಂಗಡಿ ನಾಲ್ಕು ಬೀದಿಗಳಾಚೆ ಇತ್ತು. ಬೀಗದ ಕೈ ಅವನ ಜೇಬಿನಲ್ಲಿತ್ತು. ಎರಡು ತಿಂಗಳು ತಾನು ಹೊತ್ತದ್ದು ಯಾವ ಭಾರವೆಂಬುದು ಅವನಿಗೆ ಈಗ ಕಂಡಿತು.

“ನಾನು ಬಿದ್ದುಹೋಗ್ತೀನಿ ಅಂದ್ಕೊಂಡ್ರಿ,” ಎಂದಳು ಹೆಂಡತಿ. “ಒಂದು ಮಗೂನ ಕಳಕೊಂಡೋಳು ಕಣ್ರೀ ನಾನು. ಹೇಳಿದ್ರೆ ಆ ಪೆಟ್ಟಿಗೆಗಳನ್ನ ಅವತ್ತೇ ಕಳಿಸ್ತಿದ್ದೆ. ಅಳ್ತಿದ್ದೆ. ಅತ್ಕೊಂಡೇ ಕಳಿಸ್ತಿದ್ದೆ.” ಅವಳು ಕೈ ಚಾಚಿದಳು. “ಬೀಗದ ಕೈ ಕೊಡಿ.”

“ನಾನೇ ಓಡಿಹೋಗಿ ತರ್ತೀನಿ. ನೀವಿಬ್ಬರೂ ಇಲ್ಲೇ...”

“ಮದ್ದಿಲ್ಲದ ಮನೇಲಿ ಇವಳನ್ನ ಒಂದು ಗಳಿಗೇನೂ ಇಡಲ್ಲ. ಪೆಟ್ಟಿಗೆ ಒಯ್ಯೋರಿಗೆ ಹೇಳಿಕಳಿಸಿ. ಹೊತ್ತು ಮುಳುಗಿ ಎಲ್ಲ ಗೂಡು ಸೇರಿದ ಮೇಲೆ ಬರಲಿ.”

“ಅಮ್ಮಾ, ನಂದೇ ತಪ್ಪಾ?” ಎಂದಳು ಗುಬ್ಬಿ.

“ನಿಂದಲ್ಲ ಬಂಗಾರ. ಚಪ್ಪಲಿ ಹಾಕ್ಕೋ.”

ಅವನು ಕಿಟಕಿಗೆ ಬಂದು ನಿಂತ. ಕೆಳಗೆ ತಾಯಿ ಮಗಳು ಬೀದಿಗಿಳಿದರು. ಹತ್ತು ಹೆಜ್ಜೆಯವರೆಗೆ ಅವಳು ಮಗಳ ಕೈ ಹಿಡಿದು ನಿಧಾನವಾಗಿ, ಏನನ್ನೋ ಹೇಳುತ್ತ ನಡೆದಳು. ಬಳಿಕ ಒಮ್ಮೆಲೆ ಮಗುವನ್ನು ಸೊಂಟಕ್ಕೆತ್ತಿಕೊಂಡು, ದಾರಿಹೋಕರನ್ನು ನೂಕಿಕೊಂಡು, ಓಡತೊಡಗಿದಳು.