ಹೊಗೆಯ ಕಡೆಯ ಜಾಗ

ಅಕ್ಟೋಬರಿನ ಕಡಲು ಮೂಳೆಗೇ ಕಚ್ಚುತ್ತಿತ್ತು. ಚುನ್‌ಹ್ವಾ ನೀರಿನಿಂದ ತಲೆಯೆತ್ತಿ ಸಿಳ್ಳೆಯಂತೆ ಉಸಿರು ಬಿಟ್ಟಳು. ಜೇಜು ದ್ವೀಪದ ಹೆಂಗಸರು ಹೀಗೆ ಮುಳುಗಿ ಚಿಪ್ಪುಮೀನು ಕಿತ್ತು ತರಬೇಕು. ಬೆಲೆ ಹೇಳುವವನು ಮಾತ್ರ ದಡದಲ್ಲಿ ಒಣಬಟ್ಟೆಯಲ್ಲಿ ನಿಂತ ಸಾಹುಕಾರ ಹ್ಯೊನ್. ಹೊಸ ಸಂವಿಧಾನ ಬೇಕೋ ಬೇಡವೋ ಎಂದು ದೇಶವೆಲ್ಲ ಓಟು ಹಾಕುವ ದಿನವೇ ಅವನಿಗೆ ಲಾರಿ ತುಂಬ ಚಿಪ್ಪು ಬೇಕಾಗಿತ್ತು.

“ನೀವು ಹೋಗ್ದಿದ್ರೆ ಸಂವಿಧಾನ ನಿಂತೋಗುತ್ತಾ? ಮುಳುಗ್ರಿ, ಮುಳುಗ್ರಿ!” ಎಂದಿದ್ದ ಬೆಳಿಗ್ಗೆ.

ಏಳು ವರ್ಷದ ಹಿಂದೆ ಇಂಥದೇ ಓಟಿನ ದಿನವೂ ಹೀಗೇ ಅಂದಿದ್ದ. ಆ ಸಂಜೆ ಮತಗಟ್ಟೆಗೆ ಹೋಗಿ ನೋಡಿದರೆ ಇವರೆಲ್ಲರ ಓಟು ಯಾರೋ ಆಗಲೇ ಹಾಕಿಯಾಗಿತ್ತು.

ಪಕ್ಕದಲ್ಲಿ ಮಲ್‌ಸುನ್ ಮೇಲೆದ್ದಳು. ಗುಂಪಿನಲ್ಲಿ ಎಲ್ಲರಿಗಿಂತ ಆಳಕ್ಕೆ ಇಳಿಯುವವಳು. ನೀರಿನಲ್ಲಿ ಅವಳು ಹೇಳಿದ್ದೇ ಮಾತು.

“ದೊಡ್ಡಮ್ಮ, ಈ ಸಲಾನೂ ನಮ್ ಓಟು ತಾನೇ ನಡ್ಕೊಂಡ್ ಹೋಗುತ್ತಾ?” ಚುನ್‌ಹ್ವಾ ಕೇಳಿದಳು.

“ಕಾಲಿರೋದು ನಮಗೆ ಕಣೇ. ನಡೀರೇ ಎಲ್ಲ!”

ಲಾರಿ ನಿಂತ ದಡ ಬಿಟ್ಟು, ಶಾಲೆಯ ಹಿಂದಿನ ಬಂಡೆಗೆ ಈಜಿದರು. ಮತಗಟ್ಟೆ ಅಲ್ಲೇ. ನೀರು ಸುರಿಸುತ್ತ ಸಾಲು ನಿಂತ ರಬ್ಬರ್ ಉಡುಪಿನ ಹೆಂಗಸರನ್ನು ಕಂಡು ಅಧಿಕಾರಿ ಎದ್ದೇ ನಿಂತ.

“ಅಯ್ಯೋ, ಕಾಗದ ಒದ್ದೆಯಾದ್ರೆ ಓಟು ಕೆಡುತ್ತೆ! ಕೈ ಒಣಗಿಸ್ಕೊಂಡ್ ಬನ್ನಿ.”

ದಡದಲ್ಲಿ ದಿನವೂ ಮಾಡುವಂತೆ ಮಲ್‌ಸುನ್ ಅಂಗಳದಲ್ಲಿ ಬೆಂಕಿ ಹಾಕಿದಳು. ಗಾಳಿ ಬರುವ ಕಡೆ ಆಳ ಬಲ್ಲವರು, ಹೊಗೆ ಹೋಗುವ ಕಡೆ ಹೊಸಬರು. ಕೂರುವ ಕ್ರಮ ಅಜ್ಜಿಯರ ಕಾಲದ್ದು.

ಹ್ಯೊನ್ ಏದುಸಿರು ಬಿಡುತ್ತ ಓಡಿಬಂದ. “ಲಾರಿ ಕಾಯ್ತಿದೆ! ನಾಳೆಯಿಂದ ನಿಮ್ ಮಾಲು ಮುಟ್ಟಲ್ಲ ನಾನು!”

“ಮುಟ್ಬೇಡಿ ಯಜಮಾನ್ರೇ. ನೀವೇ ಮುಳುಗಿ ತನ್ನಿ. ಹೊಟ್ಟೆ ಇದೆ, ತೇಲ್ತೀರಿ,” ಎಂದಳು ಮಲ್‌ಸುನ್.

ಅಧಿಕಾರಿಯೂ ನಕ್ಕುಬಿಟ್ಟ.

ಮೊದಲು ಮಲ್‌ಸುನ್ ಹೋದಳು. ಕಡಲರಾಜನಿಗೆ ಅಕ್ಕಿ ಕಟ್ಟಿ ಎಸೆಯುವ ಕಾಗದದ ಪೊಟ್ಟಣದಂತೆ ಮತಪತ್ರವನ್ನು ಮಡಿಸಿಯೇ ಮಡಿಸಿದಳು.

“ಅಷ್ಟೊಂದು ಮಡಿಕೆ ಯಾಕಜ್ಜಿ?” ಎಂದ ಅಧಿಕಾರಿ.

“ಹೋದ ಸಲ ನಾನ್ ಬರೋಕ್ ಮುಂಚೇನೇ ಯಾರೋ ಬಿಚ್ಬಿಟ್ಟಿದ್ರಪ್ಪ.”

ಚುನ್‌ಹ್ವಾಳ ಸರದಿ ಬಂತು. ಹೊಸ ಸಂವಿಧಾನ ಬಂದರೆ ಇನ್ನು ರಾಷ್ಟ್ರಾಧ್ಯಕ್ಷರನ್ನು ಜನರೇ ಆರಿಸುವುದು ಎಂದು ರೇಡಿಯೊ ಓದಿದಾಗ ಅವಳು ಕೈಮುಗಿದು ಕೇಳಿದ್ದಳು. ಈಗ ಎದುರಿಗೆ ಖಾಲಿ ಚೌಕ. ಯಾರೂ ಮೊದಲೇ ಒತ್ತಿರಲಿಲ್ಲ. ಒಣಗಿದ ಕೈಯಿಂದ ಮುದ್ರೆ ಒತ್ತಿದಳು. ಹೊರಗೆ ಬಂದವಳೇ, ಆಳದಿಂದ ಮೇಲೆ ಬಂದವಳ ಹಾಗೆ, ಉದ್ದಕ್ಕೆ ಸಿಳ್ಳೆಯುಸಿರು ಬಿಟ್ಟಳು.

ಹ್ಯೊನ್ ಇನ್ನೂ ನಿಂತೇ ಇದ್ದ.

“ನೀವು ಓಟು ಹಾಕಿದ್ರಾ ಯಜಮಾನ್ರೇ?” ಅವಳು ಕೇಳಿದಳು.

“ಇಲ್ಲ... ಲಾರಿ ನೋಡ್ಕೊಂಡು...”

“ಹಾಗಾದ್ರೆ ನಮ್ಮೆಲ್ಲರದೂ ಮುಗೀಲಿ. ಅಲ್ಲೀವರೆಗೆ ಕೂತ್ಕೊಳ್ಳಿ.” ಚುನ್‌ಹ್ವಾ ಬೆಂಕಿಯ ಆ ಕಡೆ ಕೈ ತೋರಿಸಿದಳು. “ಹೊಸಬರ ಜಾಗ ಅಲ್ಲಿ.”

ಸಾಹುಕಾರ ಕೆಮ್ಮುತ್ತ ಹೊಗೆಯಲ್ಲಿ ಕೂತ.